ಬೋಳುಗುಡ್ಡದ ಹುಲ್ಲು

ಒಂದಾದರೂ ಸಸಿ ಸತ್ತಿರಲಿ ಎಂದುಕೊಂಡು ಅವಳು ಎದ್ದವಳೇ ಗುಡ್ಡ ಹತ್ತಿದಳು. ಒಂದು ಬಾಡಿದ ಎಲೆ, ಒಣಗಿದ ಒಂದು ತುದಿ, ಹುಳ ಕೊರೆದ ಒಂದು ಕಾಂಡ, ಏನಾದರೂ ಸರಿ. ಊಹೂಂ, ಒಂದೂ ಇಲ್ಲ. ಪಡುವಣ ಇಳಿಜಾರಿನ ತುಂಬ ಸಾಲುಸಾಲಾಗಿ, ಅವಳ ಎದೆಯೆತ್ತರಕ್ಕೆ ನಿಂತು, ಮಳೆಯಲ್ಲಿ ಮಿಂದ ಎಲೆಗಳನ್ನು ಎಳೆಬಿಸಿಲಿಗೆ ಒಡ್ಡಿಕೊಂಡು, ಬಂದೆಯಾ ಬಾ ಎನ್ನುವ ಹಾಗೆ ತಲೆಯಾಡಿಸುತ್ತಿದ್ದವು. ನಿಮ್ಮ ಮನೆ ಹಾಳಾಗ ಎಂದು ಬೈದಳು; ಬೈದ ಬೆನ್ನಿಗೇ ಕರುಳು ಚುರುಕ್ಕೆಂದಿತು. ಬೇಸಿಗೆ ರಜೆಯಲ್ಲಿ ಹಾಸ್ಟೆಲಿಗೆ ಹಾಸ್ಟೆಲೇ ಖಾಲಿಯಾದಾಗ ಒಬ್ಬಳೇ ಉಳಿದು, ಎರಡೂ ಕೈಗೆ ಬಕೆಟ್ಟು ಹಿಡಿದು, ಅಂಗೈ ಬೊಬ್ಬೆ ಬರುವಂತೆ ನೀರು ಹೊತ್ತು ಇವುಗಳ ಬಾಯಿಗೆ ಹನಿಸಿದವಳು ಅವಳೇ ತಾನೆ? ಮನೆಯಿಂದ ಅಮ್ಮ ಫೋನು ಮಾಡಿ, "ಅಲ್ಲಿ ಏನೇ ಮಾಡ್ತಿದೀಯ ಒಬ್ಬಳೇ ಪಿಶಾಚಿ ಥರ?" ಎಂದರೆ, "ಮಕ್ಕಳು ಸಾಕ್ತಿದೀನಮ್ಮ" ಎಂದು ನಕ್ಕಿದ್ದಳು. ಸತ್ತಿದ್ದರೆ ಮಾತೇ ಇರಲಿಲ್ಲ, ಗುಡ್ಡವೇ ತನ್ನ ತೀರ್ಪು ಕೊಟ್ಟ ಹಾಗಾಗುತ್ತಿತ್ತು, ಅವಳು ಬಾಯಿ ಬಿಡಬೇಕಾದ ಪ್ರಸಂಗ ಬರುತ್ತಿರಲಿಲ್ಲ. ಬಗ್ಗಿ ಒಂದು ಸಸಿಯ ಬುಡ ನೋಡಿದಳು. ನೆರಳು ಬಿದ್ದಷ್ಟು ಜಾಗದಲ್ಲಿ ಹುಲ್ಲು ಬಿಳಿಚಿಕೊಂಡು ನೆಲಕ್ಕೆ ಒರಗಿತ್ತು. ಸಸಿ ದೊಡ್ಡದಾದಷ್ಟೂ ಆ ಬಿಳಿಚು ಅಗಲವಾಗುತ್ತ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಗುಡ್ಡದ ನೆತ್ತಿಗೆ ಬಂದು ಮೂಡಣದ ಇಳಿಜಾರು ನೋಡಿದಳು. ಅಲ್ಲಿ ಇನ್ನೂ ಒಂದು ಸಸಿಯೂ ಇಲ್ಲ. ಮಂಡಿಯೆತ್ತರದ ಹುಲ್ಲು, ನಡುನಡುವೆ ನೆನ್ನೆ ಸುಣ್ಣದಲ್ಲಿ ಬರೆದ ಬಿಳಿ ವೃತ್ತಗಳು. ಒಂದೊಂದು ವೃತ್ತವೂ ಒಂದೊಂದು ಗುಂಡಿ. ಇವತ್ತು ಬೆಳಿಗ್ಗೆ ಟ್ರಸ್ಟಿ ಬರುತ್ತಾರೆ. ಈ ಖಾಸಗಿ ವಿಶ್ವವಿದ್ಯಾಲಯವನ್ನು ಕಟ್ಟಿಸಿದ ಮನೆತನದ ಹಿರಿಯರು. ಗ್ರಂಥಾಲಯದ ಬಾಗಿಲಿನಿಂದ ಕುಡಿಯುವ ನೀರಿನ ನಲ್ಲಿಯವರೆಗೆ ಅವರ ಮನೆಯವರ ಹೆಸರಿಲ್ಲದ ವಸ್ತು ಈ ಆವರಣದಲ್ಲಿ ಹುಡುಕಿದರೂ ಸಿಗದು. ಅವರು ಅವಳಿಗೆ 'ವರ್ಷದ ಹಸಿರು ವಿದ್ಯಾರ್ಥಿ' ಎಂಬ ಶೀಲ್ಡು ಕೊಡುತ್ತಾರೆ, ಅವಳು ಎರಡು ಮಾತು ಕೃತಜ್ಞತೆ ಹೇಳುತ್ತಾಳೆ, ಆಮೇಲೆ ಎಲ್ಲರೂ ಈ ಕಡೆ ಬಂದು ಅವರ ಕೈಯಿಂದ ಮೊದಲ ಸಸಿ ನೆಡಿಸುತ್ತಾರೆ. ಮಧ್ಯಾಹ್ನ ಗುಂಡಿ ತೋಡುವ ಯಂತ್ರ ಬರುತ್ತದೆ. ಸಂಜೆಯೊಳಗೆ ಮೂಡಣದ ಹುಲ್ಲಿನ ಕಥೆ ಮುಗಿಯುತ್ತದೆ. ಸುಣ್ಣದ ಡಬ್ಬಿ ಹಿಡಿದು ವೃತ್ತ ಬರೆದವಳೂ ಅವಳೇ. ವಿಭಾಗದ ಮೇಡಂ ಹೇಳಿದಾಗ ಆಗಲ್ಲ ಎನ್ನಬೇಕೆಂದು ಬಾಯಿ ತೆರೆದಿದ್ದಳು, ತೆರೆದ ಬಾಯಿಂದ "ಎಷ್ಟು ಅಂತರ ಬಿಡ್ಲಿ ಮೇಡಂ?" ಎಂಬ ಮಾತು ಬಂತು. ಅಪ್ಪ ನೆಟ್ಟ ಆಲದಮರವೆಂದು ನೇಣು ಹಾಕಿಕೊಳ್ಳುವವರನ್ನು ಕಂಡು ಜನ ನಗುತ್ತಾರಲ್ಲ, ಅವಳ ಪಾಡು ಅದಕ್ಕಿಂತ ಕಡೆ, ಇಲ್ಲಿ ಮರವೂ ಅವಳದ್ದೇ, ಹಗ್ಗವೂ ಅವಳದ್ದೇ.

ಅವಳ ಅಪ್ಪ ಮರ ನೆಟ್ಟವನಲ್ಲ, ಮರ ಕುಯ್ಯುವವನು. ಸಾಮಿಲ್ಲಿನ ಒಡೆಯ. ಅವಳು ತೊಟ್ಟಿಲಲ್ಲಿದ್ದಾಗಿಂದ ಕೇಳಿದ ಜೋಗುಳ ಗರಗಸದ್ದು. ಆ ಸದ್ದು ನಿಂತರೆ ಮಗು ಎದ್ದು ಅಳುತ್ತಿತ್ತೆಂದು ಅಮ್ಮ ಈಗಲೂ ಹೇಳುತ್ತಾಳೆ. ತಲೆ ಬಾಚಿದರೆ ಮರದ ಹೊಟ್ಟು ಉದುರುತ್ತಿತ್ತು, ಪುಸ್ತಕ ಕೊಡವಿದರೆ ಹೊಟ್ಟು, ಶಾಲೆಯ ಡಬ್ಬಿ ತೆರೆದರೆ ಬ್ರೆಡ್ಡಿನ ಮೇಲೂ ಹೊಟ್ಟು. ಹಸಿ ದಿಮ್ಮಿ ಸೀಳಿದಾಗ ಬರುವ ಆ ಘಮ ಅವಳಿಗೆ ಪ್ರಾಣ. ಆದರೆ ಬುದ್ಧಿ ಬಂದ ಮೇಲೆ ಆ ಘಮ ಹಿಡಿಸುವುದೇ ಒಂದು ಪಾಪದ ಹಾಗೆ ಅನ್ನಿಸತೊಡಗಿ, ಪ್ರಾಯಶ್ಚಿತ್ತಕ್ಕೆಂಬಂತೆ ಈ ಕೋರ್ಸು ಸೇರಿದಳು. ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ. "ಹೆಸರು ಹೇಳಿ ಮುಗಿಸೋಷ್ಟರಲ್ಲಿ ಬಸ್ಸು ಹೊರಟು ಹೋಗುತ್ತಲ್ಲೇ" ಎಂದು ಅಪ್ಪ ನಕ್ಕರೂ, ಕುಯ್ದ ಮರದ ದುಡ್ಡಿನಲ್ಲೇ ಫೀಸು ಕಟ್ಟಿದ. ಮೊದಲ ದಿನದ ಪರಿಚಯದಲ್ಲಿ ಅಪ್ಪನ ಕೆಲಸ ಕೇಳಿದಾಗ ಅವಳು "ಮರದ ಕೆಲಸ" ಎಂದಳು. ಮರ ಬೆಳೆಸುವ ಕೆಲಸವೆಂದು ಎಲ್ಲರೂ ತಿಳಿದರು, ಹಾಗೇ ತಿಳಿಯಲಿ ಎಂದು ಅವಳೂ ಬಿಟ್ಟಳು. ವಾರ ಕಳೆಯುವುದರೊಳಗೆ ಅವಳ ಕೋಣೆಯ ಗೆಳತಿ, ಮಾತು ನಿಲ್ಲಿಸಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ರೇಡಿಯೋ ಎಂದೇ ಹೆಸರಾದವಳು, ಅವಳ ಸ್ವೆಟರಿನ ಮಡಿಕೆಯಿಂದ ಉದುರಿದ ಹೊಟ್ಟು ನೋಡಿ ವಿಷಯ ಹೊರಗೆಳೆದಳು, ಮರುದಿನ ಇಡೀ ತರಗತಿಗೆ ಬಿತ್ತರಿಸಿದಳು. ಅವತ್ತಿನಿಂದ ಅವಳ ಹೆಸರು ಗರಗಸ. ಕ್ಯಾಂಟೀನಿನ ಸಾಲಿನಲ್ಲಿ, "ಗರಗಸ ಬಂತು, ಮೇಜು ಕುರ್ಚಿ ಜೋಪಾನ ಕಣ್ರೋ" ಎಂದು ಯಾರೋ ಅಂದರೆ ಅವಳೂ ನಗುತ್ತಿದ್ದಳು. ನಕ್ಕು ಬಂದು, ಇವರೆಲ್ಲರಿಗಿಂತ ಹೆಚ್ಚು ಮರ ನೆಡುತ್ತೇನೆ ನೋಡುತ್ತಿರಿ ಎಂದು ಹಲ್ಲು ಕಚ್ಚುತ್ತಿದ್ದಳು.

ತಪ್ಪಾದದ್ದು ಬಹಳ ಸರಳವಾಗಿ. ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ಮೊದಲ ಸೆಮಿಸ್ಟರು ಪಾಠ, ಎರಡನೆಯದು ಕ್ಷೇತ್ರಕಾರ್ಯ. ಎರಡನೆಯದು ಬರುವುದು ಬೇಸಿಗೆಯಲ್ಲಿ. ಹೀಗಾಗಿ ಎಷ್ಟೋ ವರ್ಷಗಳಿಂದ ಒಂದು ತಂಡದ ಹಿಂದೆ ಇನ್ನೊಂದು ತಂಡ ಈ ಗುಡ್ಡಕ್ಕೆ ಬಂದದ್ದೆಲ್ಲ ಬಿಸಿಲು ಕಾದ ಹೆಂಚಿನಂತಿರುವ ತಿಂಗಳುಗಳಲ್ಲಿ. ಕಬ್ಬಿಣದ ಸರಳಿನ ಚೌಕಟ್ಟೊಂದನ್ನು ಎಸೆಯುವುದು, ಅದು ಬಿದ್ದಲ್ಲಿ ಕೂತು ಚೌಕದೊಳಗಿನ ಗಿಡಗಳನ್ನೆಲ್ಲ ಎಣಿಸುವುದು, ಇದು ಪದ್ಧತಿ. ಚೌಕದೊಳಗೆ ಏನಿತ್ತು? ಕಲ್ಲು, ಒಣಕಡ್ಡಿ, ಒಂದಿಷ್ಟು ಆಡಿನ ಹಿಕ್ಕೆ. ಬೆವರು ಒರೆಸಿಕೊಳ್ಳುತ್ತ ಅವಳು ವರದಿಯಲ್ಲಿ 'ಪಾಳುಭೂಮಿ' ಎಂದು ಬರೆದಳು. ಮೇಡಂ ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ಭೇಷ್' ಎಂದರು. ಹೋದ ವರ್ಷ ಮಳೆಗಾಲದ ಬಾಗಿಲಲ್ಲಿ ಹುಲ್ಲು ಸವರಿಸಿ, ಗುಂಡಿಗೆ ಬೇರೆ ಕಡೆಯ ಕಪ್ಪುಮಣ್ಣು ತುಂಬಿಸಿ, ಪಡುವಣ ಇಳಿಜಾರಿಗೆಲ್ಲ ಸಸಿ ನೆಟ್ಟರು. ಪರಿಸರ ಓದುವವರ ಕೈಲಿ ಮಾತ್ರ ಆಗಬಹುದಾದ ತಪ್ಪು ಇದು. ಬೇರೆಯವರಿಗೆ ಇಷ್ಟೊಂದು ಶ್ರದ್ಧೆ ಎಲ್ಲಿಂದ ಬರಬೇಕು? ಕೋತಿ ತಾನು ಕೆಟ್ಟದ್ದಲ್ಲದೆ ವನವನ್ನೂ ಕೆಡಿಸಿತಂತೆ, ಇವರು ವನ ಮಾಡಲು ಹೋಗಿ ಗುಡ್ಡ ಕೆಡಿಸಿದರು.

ಗೊತ್ತಾದದ್ದು ಈ ಮಳೆ ಶುರುವಾದ ಮೇಲೆ. ಗಾಳಿಗೆ ವಾಲಿದ ಸಸಿಗೆ ಊರುಗೋಲು ಕಟ್ಟಲು ಬಂದವಳು, ಹಗ್ಗ ಸಾಲದೆ ಮೂಡಣದ ಕಡೆಯಿಂದ ಅಡ್ಡದಾರಿ ಹಿಡಿದು ಇಳಿಯುವಾಗ ಕಾಲ ಬುಡದಿಂದಲೇ ಬುರ್ರೆಂದು ಒಂದು ನೆಲಗುಬ್ಬಿ ಎದ್ದಿತು. ಅಮ್ಮಾ ಎಂದು ಕೂಗಿ ಕುಂಡೆಯೂರಿ ಕೂತಳು. ಕೂತಲ್ಲಿಂದ ನೋಡಿದರೆ ಹುಲ್ಲುಗಂಟಿಯ ಮರೆಯಲ್ಲಿ ಒಂದು ಬಟ್ಟಲು ಗೂಡು, ಒಳಗೆ ಚುಕ್ಕೆ ಚುಕ್ಕೆಯ ಮೊಟ್ಟೆ. ಮರದ ನೆರಳು ಕಂಡರೆ ಆಗದ ಹಕ್ಕಿ; ಮರವಿದ್ದಲ್ಲಿ ಅದರ ಮೇಲೆ ಕೂತು ಹೊಂಚುವ ಕಾಗೆ ಗಿಡುಗಗಳೂ ಇರುತ್ತವೆ ಎಂದು ಅದಕ್ಕೆ ಗೊತ್ತು. ಪರೀಕ್ಷೆಯಲ್ಲಿ ಇದನ್ನೇ ಬರೆದು ಅವಳು ಪೂರ್ತಿ ಅಂಕ ತೆಗೆದಿದ್ದಳು. ಮರುದಿನ ಪ್ರಯೋಗಾಲಯದಿಂದ ಚೌಕಟ್ಟು ತಂದು, ಕಣ್ಣು ಮುಚ್ಚಿ, ಬೆನ್ನ ಹಿಂದಕ್ಕೆ ಎಸೆದಳು. ಎಣಿಸಲು ಕೂತವಳಿಗೆ ಕಾಲು ಜೋಮು ಹಿಡಿದರೂ ಎಣಿಕೆ ಮುಗಿಯಲಿಲ್ಲ. ಉಗುರಿನಷ್ಟು ನೇರಳೆ ಹೂವು, ದಾರದಂಥ ಹಳದಿ ಹೂವು, ಗಡ್ಡೆಯಿಂದ ಎದ್ದ ಕೋಲಿನಂಥ ಬಿಳಿ ಹೂವು, ನೆಲಕ್ಕೆ ಅಂಟಿಕೊಂಡು ಕೆಂಪು ಕೂದಲ ತುದಿಯಲ್ಲಿ ಅಂಟುಹನಿ ಹಿಡಿದು ಸೊಳ್ಳೆಗೆ ಕಾಯುತ್ತಿದ್ದ ಒಂದು ಪುಟಾಣಿ ಗಿಡ. ಹುಲ್ಲೇ ಎಷ್ಟು ಬಗೆ! ಅವಳಿಗೆ ಅಳು ಬಂತು. ಸಂತೋಷಕ್ಕೋ ನಾಚಿಕೆಗೋ ತಿಳಿಯದೆ ಒದ್ದೆ ನೆಲದಲ್ಲಿ ಕೂತು ಅತ್ತಳು. ಇದು ಮರ ಕಳೆದುಕೊಂಡ ಗುಡ್ಡವಲ್ಲ, ಇದಕ್ಕೆ ಮರವೇ ಬೇಕಿರಲಿಲ್ಲ, ಬೇಕಿದ್ದದ್ದು ಅವಳಿಗೆ. ಅಪ್ಪ ಕುಯ್ದದ್ದಕ್ಕೆಲ್ಲ ಲೆಕ್ಕ ತೀರಿಸಲು ಒಂದು ಜಾಗ ಬೇಕಿತ್ತು, ಈ ಗುಡ್ಡ ಬಾಯಿಲ್ಲದ್ದು, ಸಿಕ್ಕಿತು. ಅವತ್ತಿನಿಂದ ವಾರವಾರವೂ ಬಂದು ಚೌಕ ಎಸೆದು ಎಣಿಸಿದಳು, ಎರಡು ಸಲ ಮೇಡಂ ಬಾಗಿಲ ತನಕ ಹೋಗಿ, ಒಳಗಿನಿಂದ ಅವರು ಫೋನಿನಲ್ಲಿ ಯಾರಿಗೋ "ನಮ್ಮ ಹುಡುಗಿ ಒಂದು ಸಸಿ ಸಾಯಗೊಟ್ಟಿಲ್ಲ ರೀ, ಬಂಗಾರ" ಎನ್ನುವುದನ್ನು ಕೇಳಿಸಿಕೊಂಡು ವಾಪಸು ಬಂದಳು.

ಗುಡ್ಡ ಇಳಿದು ಮೂರನೇ ಸಲ ಆ ಬಾಗಿಲಿಗೆ ಹೋದಳು. ಈ ಸಲ ನಿಲ್ಲದೆ ಒಳಗೇ ಹೊಕ್ಕಳು, ನಿಂತರೆ ಮತ್ತೆ ತಿರುಗಿಬಿಡುತ್ತೇನೆಂದು. ಮೇಡಂ ವಿಭಾಗದ ಮುಖ್ಯಸ್ಥೆ. ಬರುವ ವರ್ಷ ನಿವೃತ್ತಿ. ಕೋಣೆಯ ಗೋಡೆಗುಂಟ ಗಾಜಿನ ಶೀಶೆಗಳಲ್ಲಿ ಬಗೆಬಗೆಯ ಮಣ್ಣು, ಮೇಜಿನ ಮೇಲೆ ಮಡಿಸಿಟ್ಟ ಭಾಷಣ. ಬಾಯಿಯಲ್ಲಿ ಪಿನ್ನು ಕಚ್ಚಿಕೊಂಡು ಕೂದಲು ಕಟ್ಟುತ್ತಿದ್ದವರು ಕನ್ನಡಿಯಲ್ಲೇ ಅವಳನ್ನು ನೋಡಿ, "ಏನಮ್ಮ ಹಸಿರು ವಿದ್ಯಾರ್ಥಿ, ಇನ್ನೂ ಬಟ್ಟೆ ಬದಲಾಯಿಸಿಲ್ವಾ?" ಎಂದರು. ಅವಳು ಒಂದೇ ಉಸಿರಿಗೆ ಹೇಳಿದಳು: ಗುಡ್ಡ ಪಾಳಲ್ಲ, ಹುಲ್ಲುಗಾವಲು, ನಾವು ನೋಡಿದ ಕಾಲ ತಪ್ಪು, ಮೂಡಣದಲ್ಲಿ ನೆಡುವುದು ಬೇಡ. ಮೇಡಂ ಪಿನ್ನು ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಇವತ್ತು ಹೇಳ್ತಿದೀಯಲ್ಲ, ನೆನ್ನೆ ಸುಣ್ಣ ಹಾಕೋವಾಗ ಬಾಯಿಗೇನಾಗಿತ್ತು?"

"ಹೆದರಿಕೆಯಾಯ್ತು ಮೇಡಂ."

"ಈಗ ಧೈರ್ಯ ಬಂತೋ? ಗುರುವಿಗೇ ತಿರುಮಂತ್ರ ಹಾಕೋಷ್ಟು? ನೋಡು, ಈ ಗುಡ್ಡ ಹಸಿರು ಮಾಡ್ಬೇಕು ಅಂತ ನಾನು ಓಡಾಡಿದ್ದು ಈ ಮೂರು ವರ್ಷದಿಂದಲ್ಲ, ನೀನಿನ್ನೂ ಅ ಆ ತಿದ್ದುತ್ತಿದ್ದಾಗಿಂದ. ಕಾರ್ಯಕ್ರಮ ಮುಗೀಲಿ. ಆಮೇಲೆ ಕೂತು ಮಾತಾಡೋಣ."

"ಆಮೇಲೆ ಮಾತಾಡೋಕೆ ಗುಡ್ಡ ಇರಲ್ಲ ಮೇಡಂ. ಮಧ್ಯಾಹ್ನ ಯಂತ್ರ ಬರುತ್ತೆ."

"ಹೋಗಿ ಬಟ್ಟೆ ಬದಲಾಯಿಸು" ಎಂದರು ಮೇಡಂ, ಇನ್ನೊಮ್ಮೆ ಕನ್ನಡಿಗೆ ತಿರುಗಿ. ಪಿನ್ನು ಮೇಜಿನ ಮೇಲೇ ಉಳಿದಿದ್ದರೂ ಅವರು ಬರಿಗೈಯಲ್ಲೇ ಕೂದಲು ಕಟ್ಟತೊಡಗಿದರು. ಎಂಥ ಪಾಪಿ ನಾನು ಎಂದುಕೊಳ್ಳುತ್ತ ಹೊರಬಂದಳು. ಚೌಕಟ್ಟು ಹಿಡಿಯುವುದನ್ನು ಕಲಿಸಿದವರು ಅವರು, ಜ್ವರ ಬಂದಾಗ ಮನೆಯಿಂದ ಗಂಜಿ ತಂದವರು ಅವರು, ಗರಗಸ ಎಂದು ಕೂಗಿದವನನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ, "ನೀನು ಕೂತಿರೋ ಬೆಂಚು ಆಕಾಶದಿಂದ ಬಿತ್ತೇನಪ್ಪಾ?" ಎಂದು ಕೇಳಿದವರೂ ಅವರೇ. ಹಾಸ್ಟೆಲಿನಲ್ಲಿ ರೇಡಿಯೋ ಅವಳ ಅಂಗಿಗೆ ಇಸ್ತ್ರಿ ಹಾಕುತ್ತ ಕೂತಿದ್ದಳು. ವಿಷಯ ಪೂರ್ತಿ ಕೇಳಿ, ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, "ಶೀಲ್ಡ್ ತಗೋ, ಹಲ್ಲು ಕಿರಿ, ಇಳಿದು ಬಾ. ಹುಲ್ಲಿಗೋಸ್ಕರ ಯಾರಾದ್ರೂ ಡಿಗ್ರಿ ಕಳ್ಕೋತಾರೇನೇ? ಪ್ರಾಜೆಕ್ಟಿಗೆ ಅಂಕ ಹಾಕೋರು ಅದೇ ಮೇಡಂ ಕಣೇ" ಎಂದಳು. ಆ ಮಾತು ಸುಳ್ಳಲ್ಲ. ಪ್ರಾಜೆಕ್ಟಿನ ಹೆಸರೇ 'ಪಾಳುಗುಡ್ಡದ ಪುನಶ್ಚೇತನ'. ಗುಡ್ಡ ಪಾಳಲ್ಲವೆಂದರೆ ಪ್ರಾಜೆಕ್ಟೇ ಪಾಳು.

ಅಷ್ಟರಲ್ಲಿ ಗೇಟಿನ ಕಾವಲುಗಾರನ ಫೋನು. "ಅಕ್ಕೋರೆ, ಇಲ್ಲೊಂದು ಲಾರಿ ಬಂದಿದೆ. ತುಂಬ ದಿಮ್ಮಿ. ಡ್ರೈವರ್ ಪಕ್ಕ ಕೂತಿರೋರು ನಿಮ್ಮಪ್ಪ ಅಂತಿದಾರೆ, ಹೌದಾ?" ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಓಡಿದಳು. 'ಹಸಿರು ಆವರಣಕ್ಕೆ ಸ್ವಾಗತ' ಎಂಬ ಕಮಾನಿನ ಕೆಳಗೆ, ಹೊಸದಾಗಿ ಕುಯ್ದ ಮರದ ಘಮ ಹರಡುತ್ತ ಲಾರಿ ನಿಂತಿತ್ತು. ಬಸ್ಸಿಳಿದ ಹುಡುಗ ಹುಡುಗಿಯರೆಲ್ಲ ಸುತ್ತ ನಿಂತು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಕ್ರಾಪಿಗೆ ಎಣ್ಣೆ ಹಚ್ಚಿ, ಕೆಳಗಿಳಿದು ನಿಂತಿದ್ದ. "ಕಾರು ಕೈ ಕೊಡ್ತು ಪುಟ್ಟಿ. ದಾರೀಲೇ ಒಂದು ಲೋಡ್ ಕೊಡೋದಿತ್ತಲ್ಲ, ಹತ್ಕೊಂಡು ಬಂದೆ. ತಪ್ಪಾಯ್ತಾ?" ಎಂದ. ಹಿಂದೆ ಯಾರೋ, "ಗರಗಸದ ಅಪ್ಪ, ಕಚ್ಚಾಮಾಲು ಸಮೇತ!" ಎಂದರು. ಗುಂಪು ನಕ್ಕಿತು. ಅಪ್ಪನಿಗೆ ಕೇಳಿಸಿತು, ಅವನೂ ನಕ್ಕ, ಯಾವುದಕ್ಕೆಂದು ತಿಳಿಯದೆ. ಆ ನಗು ನೋಡಿ ಅವಳಿಗೆ ಮೈ ಉರಿಯಿತು. ಮೂರು ವರ್ಷ ಅವರ ಜೊತೆ ನಕ್ಕದ್ದು ಹೀಗೇ ಕಾಣುತ್ತಿತ್ತೇ? ಅಪ್ಪನ ಮುಂಗೈ ಹಿಡಿದು, ಗುಂಪಿನ ನಡುವೆಯೇ ದಾರಿ ಮಾಡಿಕೊಂಡು, ಗುಡ್ಡದ ಬುಡದ ಚಪ್ಪರಕ್ಕೆ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದಳು. "ಇಲ್ಲಿ ದೊಡ್ಡೋರು ಕೂರೋದಲ್ವೇನೇ?" ಎಂದು ಅಪ್ಪ ಏಳಲು ಹೋದ. "ಕೂತ್ಕೋ ಅಪ್ಪ. ಇವತ್ತು ನಾನು ಏನೋ ಹೇಳ್ತೀನಿ, ನಿಂಗೆ ಬೇಜಾರಾಗಬಹುದು" ಎಂದಳು. "ನಿಂಗೆ ಬಹುಮಾನ ಬರೋ ದಿನ ನಂಗ್ಯಾಕೆ ಬೇಜಾರು" ಎಂದು ಅಪ್ಪ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ.

ಟ್ರಸ್ಟಿ ಬಂದರು, ದೀರ್ಘವಾಗಿ ಮಾತಾಡಿದರು, ಮರವೇ ಜೀವ ಎಂದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಶೀಲ್ಡು ಕೈಗೆ ಬಂತು. ಭಾರವಿತ್ತು, ಒಳ್ಳೆಯ ಗಟ್ಟಿಮರದ್ದು, ಯಾವ ಮರವೆಂದು ಹೇಳಬಲ್ಲವಳಾಗಿದ್ದಳು. ಮೈಕಿನ ಮುಂದೆ ಬಂದು ನಿಂತಳು. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಗುಡ್ಡ ಹೋಗುತ್ತದೆ. ಮೊದಲ ಸಾಲಿನಲ್ಲಿ ಅಪ್ಪ, ಅವನ ಪಕ್ಕದ ಪಕ್ಕದಲ್ಲಿ ಮೇಡಂ, ನೆಟ್ಟಗೆ ಕೂತು, ಅವಳನ್ನಲ್ಲ, ಅವಳ ತಲೆಯ ಮೇಲಿನ ಗುಡ್ಡವನ್ನು ನೋಡುತ್ತಿದ್ದರು.

"ಈ ಬಹುಮಾನಕ್ಕೆ ಕೃತಜ್ಞತೆ" ಎಂದಳು. ದನಿ ಒಡೆದಿತ್ತು. "ಆದ್ರೆ ಆ ಕಡೆ ಇವತ್ತು ಸಸಿ ನೆಡಬೇಡಿ. ಈ ಕಡೆ ನೆಟ್ಟಿರೋದನ್ನೂ ಕೀಳಬೇಕು."

ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ, "ಬಂತಪ್ಪ ಗರಗಸ!" ಎಂಬ ಕೂಗು, ಹೋ ಎಂಬ ನಗು. ಅವಳು ಕಾದಳು. ನಗು ತಾನಾಗಿಯೇ ತೀರಿತು. "ಹೌದು, ನಮ್ಮಪ್ಪನದ್ದು ಸಾಮಿಲ್ಲು" ಎಂದಳು. "ಅಗೋ, ಮುಂದೆ ಕೂತಿದ್ದಾರೆ. ಅದನ್ನ ಮುಚ್ಚಿಡೋಕೇ ನಾನು ಇಷ್ಟು ಮರ ನೆಟ್ಟಿದ್ದು. ಈ ಗುಡ್ಡಕ್ಕೆ ಬೇಕಾ ಅಂತ ಕೇಳಲಿಲ್ಲ. ಇದು ಮರ ಹೋಗಿ ಬೋಳಾದ ಗುಡ್ಡ ಅಲ್ಲ. ಇದು ಇರೋದೇ ಹೀಗೆ, ಹುಲ್ಲಾಗಿ." ಹೇಳುತ್ತ ಹೋದಂತೆ ದನಿ ಗಟ್ಟಿಯಾಯಿತು. ಬೇಸಿಗೆಯ ಚೌಕ, ಮಳೆಗಾಲದ ಚೌಕ, ನೆಲಗುಬ್ಬಿಯ ಗೂಡು, ನೆರಳಲ್ಲಿ ಬಿಳಿಚಿದ ಹುಲ್ಲು, ಎಲ್ಲ ಒಂದರ ಹಿಂದೊಂದು ತಾವೇ ಬಂದವು. ಟ್ರಸ್ಟಿಯ ಹುಬ್ಬು ಮೇಲೇರಿ ಅಲ್ಲೇ ನಿಂತಿತ್ತು. ಆಗ ಮೇಡಂ ಎದ್ದರು. ಈಗ ಮೈಕು ಕಿತ್ತುಕೊಂಡು ಕೆಳಗಿಳಿಸುತ್ತಾರೆ ಎಂದುಕೊಂಡಳು. ಮೇಡಂ ಕೈಕಟ್ಟಿ ನಿಂತು, ಮೌಖಿಕ ಪರೀಕ್ಷೆಯಲ್ಲಿ ಕೇಳುವ ಅದೇ ಒಣದನಿಯಲ್ಲಿ ಕೇಳಿದರು.

"ಚೌಕ ಎಲ್ಲಿ ಎಸೆದೆ? ಹೂವು ಚೆನ್ನಾಗಿ ಕಾಣೋ ಕಡೆ ನೋಡಿ ಎಸೆದಿರ್ತೀಯ."

"ಕಣ್ಣು ಮುಚ್ಚಿ, ಬೆನ್ನ ಹಿಂದಕ್ಕೆ ಮೇಡಂ. ನೀವು ಹೇಳಿಕೊಟ್ಟ ಹಾಗೆ."

"ಒಂದು ದಿನ ನೋಡಿದ್ದೋ?"

"ಮಳೆ ಹಿಡಿದಾಗಿಂದ ಪ್ರತಿ ವಾರ."

"ಮಳೆ ಬಿದ್ರೆ ಕೆಟ್ಟ ನೆಲದಲ್ಲೂ ಹಸಿರು ಏಳುತ್ತೆ. ಕಳೆ ಕಂಡು ಹುಲ್ಲುಗಾವಲು ಅಂತಿದೀಯ."

"ಕಳೆ ಬೀಜದಿಂದ ಬಂದು ಒಂದು ಮಳೆಗೆ ಸಾಯುತ್ತೆ ಮೇಡಂ. ಇಲ್ಲಿರೋದು ಹೆಚ್ಚಿನವು ಗಡ್ಡೆಯಿಂದ, ಹಳೇ ಬೇರಿಂದ ಏಳೋವು. ಬೇಸಿಗೇಲಿ ನೆಲದೊಳಗೆ ಮಲಗಿರ್ತವೆ. ನಾವು ಬಂದು ಮೇಲೆ ನೋಡಿ, ಯಾರೂ ಇಲ್ಲ ಅಂತ ಬರ್ಕೊಂಡು ಹೋದ್ವಿ."

ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು. ಅದೊಂದನ್ನು ಕೇಳದಿರಲಿ ಎಂದು ಎಷ್ಟೋ ದಿನ ಬೇಡಿಕೊಂಡಿದ್ದಳು. ಈಗ, ಕೇಳಲಿ, ಕೇಳಿಬಿಡಲಿ ಎಂದು ಮನಸ್ಸು ತುದಿಗಾಲಲ್ಲಿ ನಿಂತಿತು.

"ಈ ನೆಲಕ್ಕೆ ಮರ ಬೇಡ ಅನ್ನೋದಾದ್ರೆ, ನೀನು ನೆಟ್ಟ ಒಂದು ಸಸಿಯೂ ಯಾಕೆ ಸಾಯಲಿಲ್ಲ?"

"ನಾನು ನೀರು ಹೊತ್ತಿದ್ದಕ್ಕೆ, ಮೇಡಂ" ಎಂದಳು ಅವಳು. "ಬೇರೆ ಕಡೆಯ ಮಣ್ಣು ತಂದು ಹಾಕಿದ್ದಕ್ಕೆ. ಗುಂಡಿಯೊಳಗೆ ಇರೋದು ಈ ಗುಡ್ಡ ಅಲ್ಲವೇ ಅಲ್ಲ. ಅದರ ಕೆಳಗೆ ಒಂದು ಮೊಳಕ್ಕೇ ಬಂಡೆ. ಅವು ಬದುಕಿರೋದು ಈ ನೆಲದಿಂದಲ್ಲ, ನನ್ನ ಹಟದಿಂದ."

ಗಾಳಿಗೆ ಚಪ್ಪರದ ಬಟ್ಟೆ ಪಟಪಟ ಎನ್ನುತ್ತಿತ್ತು. ಮೇಡಂ ಕೈ ಬಿಚ್ಚಿ ಪಕ್ಕಕ್ಕೆ ಇಳಿಬಿಟ್ಟರು. ತಿರುಗಿ ಟ್ರಸ್ಟಿಯ ಕಡೆ ನೋಡಿ, "ಸರ್, ಈ ಹುಡುಗಿ ಹೇಳ್ತಿರೋದು ಸರಿ. ತಪ್ಪು ನಂದು. ಇಷ್ಟು ವರ್ಷ ಮಕ್ಕಳನ್ನ ಬಿಸಿಲಲ್ಲೇ ಇಲ್ಲಿಗೆ ಕರ್ಕೊಂಡು ಬಂದೆ, ಮಳೇಲಿ ಒಂದು ಸಲಾನಾದ್ರೂ ನಾನಾಗಿ ಹತ್ತಿ ನೋಡಬೇಕಿತ್ತು" ಎಂದರು. ದನಿ ಚೂರೂ ಅಲುಗಲಿಲ್ಲ. ಅವಳಿಗೆ ಓಡಿಹೋಗಿ ಅವರ ಕಾಲು ಹಿಡಿಯಬೇಕೆನ್ನಿಸಿತು, ಹೆಗಲ ಮೇಲೆ ಹೊತ್ತು ಕುಣಿಯಬೇಕೆನ್ನಿಸಿತು, ಎರಡನ್ನೂ ಮಾಡಲಾಗದೆ ಶೀಲ್ಡನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಗೆದ್ದೆ ಎಂಬುದು ಇನ್ನೂ ತಲೆಗೆ ಇಳಿದಿರಲಿಲ್ಲ.

"ಅಂದ್ರೆ ನಾನು ಇಷ್ಟು ದೂರ ಬಂದಿದ್ದು ಹುಲ್ಲು ನೋಡೋಕೆ ಅಂತೀರಾ?" ಎಂದರು ಟ್ರಸ್ಟಿ. ಸಿಟ್ಟೋ ತಮಾಷೆಯೋ ತಿಳಿಯಲಿಲ್ಲ. "ಬನ್ನಿ ಸರ್, ನೋಡೇ ಬಿಡಿ" ಎಂದು ಅವಳು ಮೈಕು ಬಿಟ್ಟು ಇಳಿದಳು. ಎಲ್ಲಿತ್ತೋ ಆ ಧೈರ್ಯ! ರೇಡಿಯೋ ಯಾರೂ ಹೇಳದೆಯೇ ಪ್ರಯೋಗಾಲಯಕ್ಕೆ ಓಡಿ ಚೌಕಟ್ಟು ತಂದಳು, ದಾರಿಯುದ್ದಕ್ಕೂ "ನಾನು ಮೊದಲೇ ಹೇಳಿದ್ದೆ" ಎಂದು ಕಂಡಕಂಡವರಿಗೆಲ್ಲ ಹೇಳುತ್ತ. ಮೂಡಣದ ಇಳಿಜಾರಿನಲ್ಲಿ ಗೂಡುಗಳಿಲ್ಲದ ಅಂಚಿಗೆ ಕರೆದೊಯ್ದು ಚೌಕಟ್ಟನ್ನು ಟ್ರಸ್ಟಿಯ ಕೈಗೇ ಕೊಟ್ಟು, ತಿರುಗಿ ನಿಂತು ಎಸೆಯಿರಿ ಎಂದಳು. ಎಸೆದರು. ಸುಣ್ಣದ ವೃತ್ತವೊಂದರ ಮೇಲೆ ಓರೆಯಾಗಿ ಬಿತ್ತು. ಮೊದಲು ಸೊಂಟ ಬಗ್ಗಿಸಿ ನೋಡಿದರು, ಆಮೇಲೆ ಪ್ಯಾಂಟಿನ ಗೆರೆ ಕೆಡದಂತೆ ಕುಕ್ಕರಗಾಲಲ್ಲಿ ಕೂತರು, ಆಮೇಲೆ ಗೆರೆಯ ಹಂಗು ಬಿಟ್ಟು ಒದ್ದೆ ನೆಲಕ್ಕೆ ಮಂಡಿಯೂರಿದರು. "ಇದೊಂದು. ಇದು ಬೇರೇನಾ? ಹೌದು ಬೇರೆ. ಇದು... ಅಯ್ಯೋ ಅಯ್ಯೋ, ಇದು ಸೊಳ್ಳೆ ಹಿಡ್ಕೊಂಡಿದೆ ಕಣ್ರೀ! ಗಿಡ! ಇಲ್ಲಿ ಬನ್ನಿ, ಎಲ್ಲರೂ ಬನ್ನಿ!" ಗುಂಪಿಗೆ ಗುಂಪೇ ಅವರ ಸುತ್ತ ಬಗ್ಗಿತು. ಎಣಿಕೆ ತಪ್ಪಿ, ಮತ್ತೆ ಮೊದಲಿನಿಂದ ಶುರುಮಾಡಿ, ಮತ್ತೆ ತಪ್ಪಿ, ಕೊನೆಗೆ ಎದ್ದು, ಮಣ್ಣಾದ ಮಂಡಿ ನೋಡಿಕೊಂಡು, "ಆ ಯಂತ್ರದೋನಿಗೆ ಫೋನ್ ಮಾಡಿ, ಬರೋದು ಬೇಡ ಅನ್ನಿ" ಎಂದರು.

ಅವಳೊಳಗೆ ಆಗ ಎದ್ದದ್ದನ್ನು ಹೇಗೆ ಹೇಳುವುದು? ಬಾಯಿ ತುಂಬ ಕೂಗಬೇಕೆನ್ನಿಸಿತು, ಕೂಗಿಯೂಬಿಟ್ಟಳು, "ಹೋ" ಎಂದು, ಹುಡುಗಿಯೊಬ್ಬಳು ಇಷ್ಟು ದೊಡ್ಡವರ ನಡುವೆ ಹಾಗೆ ಕೂಗಬಾರದೆಂಬ ಪರಿವೆಯಿಲ್ಲದೆ. ಹಿಂದೆ ನಿಂತಿದ್ದವರೂ ಕೂಗಿದರು, ಬೆಳಿಗ್ಗೆ ನಕ್ಕವರೂ. ಮೇಡಂ ಹತ್ತಿರ ಬಂದು, ಅವಳ ಕೆನ್ನೆಯ ಮೇಲಿನ ಮಣ್ಣು ಒರೆಸುತ್ತ, "ಪ್ರಾಜೆಕ್ಟಿನ ಹೆಸರು ಬದಲಾಯಿಸು, ಮತ್ತೆ ಬರಿ. ಕೆಲಸ ಬಹಳ ಇದೆ. ಈ ಸಸಿಗಳನ್ನ ಮಳೆ ಇರೋವಾಗಲೇ ಕೆಳಗೆ ಹಳ್ಳದ ದಂಡೆಗೆ ಸಾಗಿಸಬೇಕು, ಅಲ್ಲಿ ನಿಜವಾಗ್ಲೂ ಮರ ಇದ್ವು" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಬೆಳಿಗ್ಗೆ ನಿನ್ನ ಮೇಲೆ ರೇಗಬಾರದಿತ್ತು" ಎಂದರು. ಅವಳು ಅತ್ತಳು, ಈ ಸಲ ಯಾತಕ್ಕೆಂದು ಚೆನ್ನಾಗಿ ಗೊತ್ತಿದ್ದು.

ಎಲ್ಲರೂ ಗುಡ್ಡ ದಾಟಿ ಪಡುವಣಕ್ಕೆ ಬಂದರು. ಪ್ರತಿ ಸಸಿಯ ಬುಡದಲ್ಲೂ ತಗಡಿನ ಹಲಗೆಯ ಮೇಲೆ ದಾನಿಗಳ ಹೆಸರು. ಮೊದಲ ಸಾಲಿನ ಮೊದಲನೆಯದು ಟ್ರಸ್ಟಿಯದ್ದು. ಅವರು ಅದರ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, "ನನ್ನದನ್ನೂ ಕೀಳ್ತೀಯೇನಮ್ಮ?" ಎಂದರು, ಪಾಪ ಎನ್ನಿಸುವಂಥ ದನಿಯಲ್ಲಿ.

"ಅದನ್ನೇ ಮೊದಲು ಸರ್. ಎಲ್ಲದಕ್ಕಿಂತ ಚೆನ್ನಾಗಿ ಬೆಳೆದಿರೋದು ಅದೇ."

ಟ್ರಸ್ಟಿ ಅವಳನ್ನು ನೋಡಿದರು, ಸಸಿಯನ್ನು ನೋಡಿದರು, ಹೊಟ್ಟೆ ಹಿಡಿದು ನಗತೊಡಗಿದರು. ಅವಳು ಸುತ್ತ ಮಣ್ಣು ಸಡಿಲಿಸಿ, ಬುಡಕ್ಕೆ ಎರಡೂ ಕೈ ಹಾಕಿದಳು. ಬೊಬ್ಬೆ ಎದ್ದು ಗಟ್ಟಿಯಾದ ಅದೇ ಅಂಗೈಗೆ ಕಾಂಡದ ಪರಿಚಯವಿತ್ತು. ಒಂದು ಕ್ಷಣ ಮನಸ್ಸು ಬರಲಿಲ್ಲ. ಬಾ ಮಗಳೇ, ಒಳ್ಳೆಯ ಕಡೆಗೇ ಕರ್ಕೊಂಡು ಹೋಗ್ತೀನಿ ಎಂದು ಒಳಗೇ ಹೇಳಿ ಎಳೆದಳು. ಬೇರು ಗುಂಡಿಯ ಕಪ್ಪುಮಣ್ಣು ಬಿಟ್ಟು ಆಚೆ ಒಂದು ಬೆರಳೂ ಹೋಗಿರಲಿಲ್ಲ. ಮಡಕೆಯಿಂದ ಎತ್ತಿದ ಹಾಗೆ ಮಣ್ಣಿನ ಮುದ್ದೆ ಸಮೇತ ಇಡಿಯಾಗಿ ಎದ್ದು ಬಂತು. ಮೇಡಂ ಮೊದಲು ತಟ್ಟಿದರು, ಆಮೇಲೆ ಟ್ರಸ್ಟಿ, ಆಮೇಲೆ ಗುಡ್ಡಕ್ಕೆ ಗುಡ್ಡವೇ ಚಪ್ಪಾಳೆ. ಅಪ್ಪ ಗುಂಪು ಸರಿಸಿಕೊಂಡು ಮುಂದೆ ಬಂದ. ಬಿಳಿ ಶರ್ಟಿನ ತೋಳು ಮಡಚಿ, ಸಸಿಯನ್ನು ಅವಳ ಕೈಯಿಂದ ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡ. ಕಣ್ಣು ಕೆಂಪಾಗಿತ್ತು, ಮೀಸೆಯಡಿ ನಗು ತಡೆಯುತ್ತಿರಲಿಲ್ಲ.

"ಅಲ್ವೇ, ಕೂದಲು ಹಣ್ಣಾಗೋ ತನಕ ಮರ ಕುಯ್ದೆ, ಒಬ್ಬನಾದ್ರೂ ಕೈ ತಟ್ಟಿದ್ದಾನಾ? ನೀನು ಒಂದು ಸಸಿ ಕಿತ್ತೆ, ಊರೇ ತಟ್ತಲ್ಲೇ!" ಎಂದ.

"ನೀನು ಓದದೇ ಕುಯ್ದೆ ಅಪ್ಪ, ನಾನು ಓದಿ ಕಿತ್ತೆ, ಅದಕ್ಕೇ" ಎಂದಳು ಅವಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಮತ್ತು ನಗುತ್ತಲೇ ಎರಡನೆಯ ಸಸಿಗೆ ಕೈ ಹಾಕಿದಳು.